ಗಾಮಾ ಛೇಂಬರಿನಿಂದ ಬಂದ ಮೂರು ಆಂಪೂಲ್‌ಗಳು

ಜುಲೈ ತಿಂಗಳ ಮುಂಬೈ. ಪ್ರಯೋಗಾಲಯದ ಕಿಟಕಿ ಗಾಜಿನ ಮೇಲೆಲ್ಲ ಪಸೆ. ಬೆಳಿಗ್ಗೆ ಹತ್ತಕ್ಕೆ ಮೇಜಿನ ಮೇಲೆ, ಪಾಲಿಮರ್ ಬೆಳೆಸಲೆಂದು ಗಾಮಾ ಕಿರಣದ ಛೇಂಬರಿನಲ್ಲಿಟ್ಟು ತೆಗೆದ ಮೂರು ಆಂಪೂಲ್‌ಗಳಿದ್ದವು, ಬಾಯಿ ಮುಚ್ಚಿದ ಪುಟ್ಟ ಗಾಜಿನ ಕೊಳವೆಗಳು. ಎರಡು ಓರೆ ಮಾಡಿದರೆ ನಿಧಾನಕ್ಕೆ ಹರಿದವು, ಮೂರನೆಯದು ನೀರಿನಂತೆ ತುಳುಕಿತು. "ಸರ್, ಇದು ಗಟ್ಟಿ ಆಗ್ಲೇ ಇಲ್ಲ," ಎಂದಳು ಕುಂದಾಪುರದ ಸಂಶೋಧನಾ ವಿದ್ಯಾರ್ಥಿನಿ.

ಮೂರರಲ್ಲೂ ಇದ್ದದ್ದು ಒಂದೇ ಮಿಶ್ರಣ: 10 ಮಿಲಿಲೀಟರ್ ಮೀಥೈಲ್ ಮೆಥಾಕ್ರಿಲೇಟ್ ಎಂಬ ಮಾನೋಮರ್ (ಪಾಲಿಮರ್ ಸರಪಳಿಯ ಬಿಡಿ ಕೊಂಡಿ), 104 ಮಿಲಿಗ್ರಾಂ ಸಯನೊಪ್ರೊಪೈಲ್ ಡೈಥಯೋಬೆಂಜೊಯೇಟ್ ಎಂಬ ರಾಫ್ಟ್ ಕಾರಕ (ಸರಪಳಿಗಳೆಲ್ಲ ಸಮನಾಗಿ ಬೆಳೆಯುವಂತೆ ಹಿಡಿತದಲ್ಲಿಡುವ ವಸ್ತು). ಅಂದರೆ ಒಂದು ರಾಫ್ಟ್ ಅಣುವಿಗೆ 200 ಮಾನೋಮರ್. ಶೇಕಡಾ 30 ಪರಿವರ್ತನೆಯಾದರೆ ಸರಪಳಿಯ ಅಣುತೂಕ ಸುಮಾರು 6,200 ಬರಬೇಕು. 1998ರಲ್ಲಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ತಂಡ ಪ್ರಕಟಿಸಿದ ಈ ರಾಫ್ಟ್ ವಿಧಾನದಲ್ಲಿ ಸಾಮಾನ್ಯವಾಗಿ ಎಐಬಿಎನ್ ಎಂಬ ಪ್ರಾರಂಭಕ ಹಾಕಿ ಬಿಸಿ ಮಾಡುತ್ತಾರೆ. ಇಲ್ಲಿ ಆ ಕೆಲಸ ಗಾಮಾ ಕಿರಣ ಸೂಸುವ ಕೋಬಾಲ್ಟ್-60ರದು. ಕೋಣೆಯ ಉಷ್ಣತೆಯಲ್ಲೇ, ಸರಪಳಿಯನ್ನು ಶುರು ಮಾಡುವ ಚುರುಕು ಕಣಗಳಾದ ರ‍್ಯಾಡಿಕಲ್‌ಗಳು ಹುಟ್ಟುತ್ತವೆ.

ತುಳುಕಿದ ಆಂಪೂಲಿನ ತಪ್ಪು ಗಾಳಿಯದು. ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ, ಪಂಪಿನಿಂದ ಗಾಳಿ ಎಳೆದು, ಮುಚ್ಚಿ ಕರಗಿಸುವ ಸುತ್ತು ಕನಿಷ್ಠ ಮೂರಾದರೂ ಆಗಬೇಕು. ಇದಕ್ಕೆ ಒಂದೇ ಆಗಿತ್ತು. ಉಳಿದ ಆಮ್ಲಜನಕ, ಹುಟ್ಟಿದ ರ‍್ಯಾಡಿಕಲ್‌ಗಳನ್ನೆಲ್ಲ ಹಿಡಿದು ಸರಪಳಿ ಬೆಳೆಸಲಾರದ ಪೆರಾಕ್ಸಿ ಮಾಡಿಬಿಟ್ಟಿತು. ಇನ್ನೊಂದು ಎಚ್ಚರ: ಬಾಯಿ ತೆರೆದ ಆಂಪೂಲನ್ನು ದ್ರವ ಸಾರಜನಕದಲ್ಲಿ ಬಿಡಲೇಬಾರದು. ಆಮ್ಲಜನಕ ಮೈನಸ್ 183 ಡಿಗ್ರಿಗೇ ದ್ರವವಾಗಿ ಒಳಗೆ ಇಳಿಯುತ್ತದೆ, ಮುಚ್ಚಿ ಕರಗಿಸಿದಾಗ ಆಂಪೂಲ್ ಸಿಡಿಯಬಹುದು. ಮಾನೋಮರ್ ತಾನಾಗಿ ಗಟ್ಟಿಯಾಗದಂತೆ ಅದರಲ್ಲಿ ಹಾಕಿರುವ ಇನ್‌ಹಿಬಿಟರನ್ನು ಬೇಸಿಕ್ ಅಲ್ಯುಮಿನಾ ಕಾಲಮ್ಮಿನಲ್ಲಿ ಮೊದಲೇ ತೆಗೆದಿರಬೇಕು.

ಉಳಿದೆರಡರ ಒಟ್ಟು ಡೋಸ್ 3.6 ಕಿಲೋಗ್ರೇ (ಗ್ರೇ ಅಂದರೆ ಹೀರಿಕೊಂಡ ವಿಕಿರಣದ ಅಳತೆ). ಒಂದು, ಗಂಟೆಗೆ 1.8 ಕಿಲೋಗ್ರೇ ದರದಲ್ಲಿ ಎರಡು ತಾಸು. ಇನ್ನೊಂದು ಸೀಸದ ಕವಚದೊಳಗೆ ಗಂಟೆಗೆ 0.2ರಂತೆ 18 ತಾಸು, ಸಂಜೆ ನಾಲ್ಕರಿಂದ ಬೆಳಿಗ್ಗೆ ಹತ್ತರವರೆಗೆ. ಹೊಸಬರು ಎಡವುವುದು ಇಲ್ಲೇ. ಸಾಯುವ, ಅಂದರೆ ಮುಂದೆ ಬೆಳೆಯಲಾರದ, ಸರಪಳಿಗಳ ಲೆಕ್ಕ ಒಟ್ಟು ಡೋಸಿಗೆ ಅಂಟಿಕೊಂಡಿದೆ, ಬೆಳವಣಿಗೆಯ ವೇಗ ಮಾತ್ರ ಡೋಸ್ ದರದ ವರ್ಗಮೂಲಕ್ಕೆ. ದರ ಒಂಬತ್ತು ಪಾಲು ಇಳಿದರೂ ವೇಗ ಇಳಿಯುವುದು ಮೂರೇ ಪಾಲು. ಆದ್ದರಿಂದ ಅದೇ ಡೋಸಿನಲ್ಲಿ ನಿಧಾನದ ಆಂಪೂಲ್ ಹೆಚ್ಚುಕಡಿಮೆ ಮೂರು ಪಟ್ಟು ಬೆಳೆದಿರುತ್ತದೆ, ಸತ್ತ ಸರಪಳಿ ಹೆಚ್ಚಾಗಿರುವುದಿಲ್ಲ. ಛೇಂಬರ್ ಸಿಕ್ಕಾಗ ಬೇಗ ಮುಗಿಸೋಣ ಎನ್ನುವ ಅವಸರ ಇಲ್ಲಿ ನಷ್ಟದ ಬಾಬತ್ತು.

ದರವನ್ನು ಹಳೆಯ ಕಾಗದ ನೋಡಿ ನಂಬಬಾರದು. ಕೋಬಾಲ್ಟಿನ ಅರ್ಧಾಯುಷ್ಯ 5.27 ವರ್ಷ, ತಿಂಗಳಿಗೆ ಶೇಕಡಾ 1ಕ್ಕಿಂತ ತುಸು ಹೆಚ್ಚೇ ಇಳಿಯುತ್ತದೆ. ಡೋಸ್ ಅಳೆಯುವ ಫ್ರಿಕೆ ದ್ರಾವಣ ಆಂಪೂಲ್ ಇಡುವ ಜಾಗದಲ್ಲೇ ಇರಲಿ, ಅದು 304 ನ್ಯಾನೋಮೀಟರಿನ ಬೆಳಕನ್ನು ಎಷ್ಟು ಹೀರುತ್ತದೆಂದು ಅಳೆಯಿರಿ. ಅದು 400 ಗ್ರೇ ದಾಟಿದರೆ ಸುಳ್ಳು ಹೇಳುತ್ತದೆ, ಹಾಗಾಗಿ 1.8ರ ದರಕ್ಕೆ ಐದು ನಿಮಿಷ ಸಾಕು.

ಬಣ್ಣ ನೋಡುವುದು ಆಂಪೂಲ್ ಒಡೆದ ಮೇಲೆ, ಏಕೆಂದರೆ ಗಾಮಾ ತಾಗಿ ಗಾಜೇ ಕಂದಾಗಿರುತ್ತದೆ. ಹೆಕ್ಸೇನಿಗೆ ಹನಿಹನಿಯಾಗಿ ಸುರಿದಾಗ ನಿಧಾನದ್ದರ ಪಾಲಿಮರ್ ನಸುಗುಲಾಬಿಯಾಗಿ ಇಳಿಯಿತು, ಎರಡನೇ ಸಲ ತೊಳೆದರೂ ಬಣ್ಣ ಬಿಡಲಿಲ್ಲ. ಆ ಬಣ್ಣ ಕೊಡುವ, ರಾಫ್ಟ್ ಅಣುವಿನ ಡೈಥಯೋ ಗುಂಪು ಸರಪಳಿಯ ತುದಿಯಲ್ಲೇ ಇತ್ತು.