ಕುರಿಮಂದೆಯಂತೆ ಮಲಗಿದ ಲಾವಾ

ಚಿತ್ರದುರ್ಗಕ್ಕೆ ಬಂದವರೆಲ್ಲ ಕೋಟೆ ಹತ್ತುತ್ತಾರೆ. ನಾನು ಮತ್ತು ಗೆಳೆಯ ಈ ಸಲ ಕೋಟೆಗೆ ಬೆನ್ನು ಹಾಕಿ, ಆಗ್ನೇಯಕ್ಕೆ ಸುಮಾರು 16 ಕಿಲೋಮೀಟರ್ ದೂರದ ಮರಡಿಹಳ್ಳಿಗೆ ಬೈಕಿನಲ್ಲಿ ಹೊರಟೆವು. ಈರುಳ್ಳಿ ಹೊಲ, ಕುರುಚಲು ಗಿಡ, ಗುಡ್ಡದ ನೆತ್ತಿಯಲ್ಲಿ ತಿರುಗುವ ಗಾಳಿಯಂತ್ರ. ದಾರಿ ಸವೆದದ್ದೇ ತಿಳಿಯಲಿಲ್ಲ.

ನೋಡಬೇಕಾದದ್ದು ಒಂದು ಸಣ್ಣ ದಿಬ್ಬ. ಅದೇ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಒಂದರ ಪಕ್ಕ ಒಂದು, ಒಂದರ ಮೇಲೊಂದು ಒತ್ತಿಕೊಂಡ ದುಂಡು ಕಲ್ಲುಗಳು. ಭೂವಿಜ್ಞಾನಿಗಳು ಇದನ್ನು ದಿಂಬು ಲಾವಾ ಎನ್ನುತ್ತಾರೆ. ಅಲ್ಲೇ ಕುರಿ ಮೇಯಿಸುತ್ತಿದ್ದ ಅಜ್ಜಿಯೊಬ್ಬರು, "ಏನು ನೋಡುತ್ತಿದ್ದೀಯಪ್ಪಾ? ಮಂದೆ ಮಲಗಿದ ಹಾಗಿದೆ, ಅಲ್ಲವೇ?" ಎಂದರು. ದಿಂಬಿಗಿಂತ ಆ ಹೋಲಿಕೆಯೇ ನನಗೆ ಹಿಡಿಸಿತು.

ಮಂಡಿಯೂರಿ ಒಂದು ಕಲ್ಲಿನ ಅಂಚನ್ನು ಬೆರಳಿನಿಂದ ಸವರಿದೆ. ಹೊರಗಿನ ಸಿಪ್ಪೆ ನಯ, ಒಳಭಾಗ ತುಸು ಒರಟು. 250 ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಕಡಲಿತ್ತು. ತಳದ ಬಿರುಕಿನಿಂದ ಉಕ್ಕಿದ ಲಾವಾಕ್ಕೆ ತಣ್ಣೀರು ತಾಗಿದೊಡನೆ ಹೊರಮೈ ಗಾಜಿನಂತೆ ಹೆಪ್ಪುಗಟ್ಟಿತು. ಒಳಗಿನ ಬಿಸಿ ಆ ಸಿಪ್ಪೆಯನ್ನು ಸೀಳಿ ಪಕ್ಕದಲ್ಲಿ ಮತ್ತೊಂದು ಉಂಡೆಯಾಯಿತು. ಮೇಲಿನ ಉಂಡೆ ಮೆತ್ತಗಿರುವಾಗಲೇ ಕೆಳಗಿನ ಎರಡರ ಸಂದಿಗೆ ಬಾಲದಂತೆ ಜೋತುಬಿದ್ದು ಕೂರುತ್ತದೆ. ಪದರಗಳು ಎಷ್ಟೇ ಬುಡಮೇಲಾಗಿರಲಿ, ಅಂದಿನ ಆಕಾಶ ಯಾವ ಕಡೆಗಿತ್ತೆಂದು ಆ ಬಾಲದಿಂದಲೇ ಹೇಳಬಹುದು. ಇಂಥ ಕಲ್ಲಿಗೆ ಸುತ್ತಿಗೆ ತಾಗಿಸುವುದು ನನ್ನ ಮಟ್ಟಿಗೆ ಶಿಲಾಶಾಸನ ಒಡೆದಷ್ಟೇ ಪಾಪ.

ಮುಂದೆ ಈ ಶಿಲೆ ಭೂಮಿಯೊಳಗೆ ಹೂತು, ಕಾವಿಗೂ ಒತ್ತಡಕ್ಕೂ ಸಿಕ್ಕಿ ರೂಪಾಂತರಗೊಂಡಿತು. ಲಾವಾ ತಣಿದು ಆಗಿದ್ದ ಕಪ್ಪು ಬಸಾಲ್ಟಿನ ಖನಿಜಗಳು ಕ್ಲೋರೈಟ್, ಆಕ್ಟಿನೊಲೈಟ್ ಎಂಬ ಹಸಿರು ಖನಿಜಗಳಾದವು. ಆ ಹಸಿರಿನಿಂದಲೇ ಇಂಥ ಪ್ರದೇಶಕ್ಕೆ ಹಸಿರುಶಿಲಾ ಪಟ್ಟಿ ಎಂಬ ಹೆಸರು. ಆಳದಲ್ಲಿ ಶಿಲೆಗಳಿಂದ ಹಿಂಡಿ ಬಂದ ಬಿಸಿನೀರು ಚಿನ್ನವನ್ನು ಕರಗಿಸಿಕೊಂಡು, ನೆಲ ಸೀಳಿದ ಕಡೆ ಬೆಣಚುಕಲ್ಲಿನ ಎಳೆಗಳಲ್ಲಿ ಬಿಟ್ಟುಹೋಯಿತು. 2001ರಲ್ಲಿ ಮುಚ್ಚುವ ಹೊತ್ತಿಗೆ ಮೂರು ಕಿಲೋಮೀಟರಿಗೂ ಆಳಕ್ಕಿಳಿದಿದ್ದ ಕೋಲಾರದ ಗಣಿ, ಇಂದಿಗೂ ನಡೆಯುತ್ತಿರುವ ಹಟ್ಟಿ ಗಣಿ, ಎರಡೂ ಇಂಥ ಪಟ್ಟಿಗಳಲ್ಲೇ ಇವೆ. ಹಾಗೆಂದು ಹಸಿರು ಕಲ್ಲಿದ್ದಲ್ಲೆಲ್ಲ ಚಿನ್ನವಿಲ್ಲ. ಸೀಳು ಬೇಕು, ಆ ಸೀಳಿನಲ್ಲಿ ನೀರು ಹರಿದಿರಬೇಕು. ಮರಡಿಹಳ್ಳಿಯ ದಿಂಬುಗಳ ಬೆಲೆಯನ್ನು ಗ್ರಾಮಿನಲ್ಲಿ ತೂಗಬೇಕಾಗಿಲ್ಲ.

ಮರಳುವಾಗ, ಹಿಂದೆ ತಾಮ್ರದ ಗಣಿಯಿದ್ದ ಇಂಗಳದಾಳದ ದಾರಿ ಹಿಡಿದೆವು. ರಸ್ತೆಯಂಚಿನಲ್ಲಿ ಸಿಕ್ಕ ಚೂರೊಂದರಲ್ಲಿ ಹಳದಿ ಚುಕ್ಕೆಗಳು ಮಿನುಗುತ್ತಿದ್ದವು. "ಚಿನ್ನವೇನೋ?" ಎಂದ ಗೆಳೆಯ. ಚೀಲದಲ್ಲಿದ್ದ ಬಿಳಿ ಪಿಂಗಾಣಿ ಬಿಲ್ಲೆಯ ಒರಟು ಬೆನ್ನಿಗೆ ಅದನ್ನು ಉಜ್ಜಿದೆ. ಚಿನ್ನವಾಗಿದ್ದರೆ ಗೆರೆಯೂ ಹಳದಿಯಾಗಿರಬೇಕಿತ್ತು. ಮೂಡಿದ್ದು ಹಸಿರು ಬೆರೆತ ಕಪ್ಪು ಗೆರೆ. ತಾಮ್ರದ ಅದಿರು, ಚಾಲ್ಕೋಪೈರೈಟ್.