“ಸಾಲ ಎಷ್ಟು ಸಿಗುತ್ತದೆ?” ಎಂದು ಕೇಳುವ ಅಕ್ಕಂದಿರಿಗೆ

ಸ್ವಂತ ಉದ್ಯೋಗ ಮಾಡಬೇಕೆಂದಿರುವ ಮಹಿಳೆಯರು ನನ್ನನ್ನು ಕಂಡಾಗಲೆಲ್ಲ ಕೇಳುವ ಮೊದಲ ಪ್ರಶ್ನೆ, “ಸಾಲ ಎಷ್ಟು ಸಿಗುತ್ತದೆ ಮೇಡಂ?” ಎಂಬುದು. ಕೇಂದ್ರ ಸರ್ಕಾರದ ಮುದ್ರಾ ಯೋಜನೆಯಲ್ಲಿ ಚಿಕ್ಕ ಸಾಲಗಳಿಗೆಂದೇ ಇರುವ ‘ಶಿಶು’ ಎಂಬ ವಿಭಾಗದಲ್ಲಿ ಅಡಮಾನವಿಲ್ಲದೆ 50,000 ರೂಪಾಯಿವರೆಗೆ ಸಾಲವಿದೆ, ಸ್ವಸಹಾಯ ಸಂಘದ ಮೂಲಕವೂ ಬ್ಯಾಂಕಿನ ಸಾಲ ಪಡೆಯಬಹುದು. ಆದರೆ ಹಾಕಿದ ಹಣ ಯಾವಾಗ ಕೈಗೆ ಮರಳುತ್ತದೆ ಎಂಬುದನ್ನು ಮೊದಲು ಲೆಕ್ಕ ಹಾಕಿರಿ, ಸಾಲ ಎಷ್ಟು ಬೇಕೆಂಬುದು ಆ ಲೆಕ್ಕದಿಂದಲೇ ತಿಳಿಯುತ್ತದೆ ಎಂದು ನಾನು ಹೇಳುತ್ತೇನೆ.

ವಿಜಯಪುರ, ಕಲಬುರಗಿ ಕಡೆಯ ಖಡಕ್ ರೊಟ್ಟಿಯ ಉದ್ಯೋಗವನ್ನೇ ನೋಡಿ. ಹಿಂಗಾರು ಜೋಳದ ಸುಗ್ಗಿ ಫೆಬ್ರುವರಿ, ಮಾರ್ಚ್ ಹೊತ್ತಿಗೆ ಬರುತ್ತದೆ. ಮಾರುಕಟ್ಟೆಗೆ ಹೊಸ ಮಾಲದಂಡಿ ಜೋಳ ಹೇರಳವಾಗಿ ಬರುವ ಆ ದಿನಗಳಲ್ಲಿ ಕೆಲವು ತಿಂಗಳಿಗಾಗುವಷ್ಟು ಕೊಂಡಿಟ್ಟುಕೊಂಡವಳಿಗೂ ಮಳೆಗಾಲದಲ್ಲಿ ವಾರಕ್ಕಿಷ್ಟೆಂದು ಅಂಗಡಿಯಿಂದ ತರುವವಳಿಗೂ ಒಂದು ರೊಟ್ಟಿಯ ಮೇಲೆ ಉಳಿಯುವ ಲಾಭ ಒಂದೇ ಆಗಿರುವುದಿಲ್ಲ. ಹಾಗಾಗಿ ಸಾಲ ಬೇಕಿರುವುದು ಸುಗ್ಗಿಯ ಹೊತ್ತಿಗೆ. ಇತ್ತ ಖಾನಾವಳಿಯವರು ರೊಟ್ಟಿಯನ್ನು ಉದ್ರಿ ಒಯ್ದು ತಿಂಗಳಿಗೊಮ್ಮೆ ಹಣ ಕೊಡುವವರಾದರೆ, ವಾರದ ಕಂತಿನ ಸಾಲ ತಂದವಳು ಮೊದಲ ಕಂತನ್ನೇ ಮನೆಯ ಖರ್ಚಿನ ಹಣದಿಂದ ಕಟ್ಟಬೇಕಾಗುತ್ತದೆ. ರೊಟ್ಟಿ ಚೆನ್ನಾಗಿ ಮಾರಾಟವಾಗುತ್ತಿದ್ದರೂ ಉದ್ಯೋಗ ಸೋಲುವುದನ್ನು ಕಂಡಾಗ ನನಗೆ ತುಂಬ ಸಂಕಟವಾಗುತ್ತದೆ, ಏಕೆಂದರೆ ಅಲ್ಲಿ ಅವಳ ದುಡಿಮೆಯಲ್ಲಿ ಯಾವ ಕೊರತೆಯೂ ಇರುವುದಿಲ್ಲ.

ತರಬೇತಿ ಬೇಕೇ ಎಂದೂ ಕೇಳುತ್ತಾರೆ. ಖಂಡಿತ ಬೇಕು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಈಗ ಜಿಲ್ಲೆಗಳಲ್ಲಿ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. ಊಟ, ವಸತಿ ಸಹಿತ ತರಬೇತಿ ಉಚಿತ, ಮುಗಿದ ಮೇಲೂ ಎರಡು ವರ್ಷ ಬೆನ್ನಿಗೆ ನಿಲ್ಲುವ ಕ್ರಮವಿದೆ. ರೊಟ್ಟಿ ಬಡಿಯುವುದನ್ನು ನಮ್ಮ ಅಕ್ಕಂದಿರಿಗೆ ಯಾರೂ ಹೇಳಿಕೊಡಬೇಕಿಲ್ಲ. ಉರುವಲು, ಹಿಟ್ಟಿನ ಗಿರಣಿ, ಸಾಗಣೆಯ ಖರ್ಚಿನ ಜೊತೆಗೆ ತನ್ನ ಕೂಲಿಯನ್ನೂ ಸೇರಿಸಿ ಬೆಲೆ ಕಟ್ಟುವುದನ್ನು, ಮನೆಯ ಹಣ ಮತ್ತು ವ್ಯಾಪಾರದ ಹಣಕ್ಕೆ ಬೇರೆ ಬೇರೆ ಪುಸ್ತಕ ಇಡುವುದನ್ನು ಮಾತ್ರ ಕಲಿಯಲೇಬೇಕು. ತನ್ನ ಕೂಲಿಯನ್ನು ಲೆಕ್ಕಕ್ಕೆ ಹಿಡಿಯದೆ ಬೆಲೆ ಹೇಳುವುದೇ ನಾನು ಅತಿ ಹೆಚ್ಚು ಕಂಡಿರುವ ತಪ್ಪು.

ಒಂದು ಸಾಲದ ಕಂತು ಕಟ್ಟಲು ಇನ್ನೊಂದು ಸಾಲ ಮಾಡುವ ಹಂತಕ್ಕೆ ದಯವಿಟ್ಟು ಹೋಗಬೇಡಿ. ಕಿರು ಸಾಲ ಕೊಡುವಾಗ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿಯೇ ನಿಯಮ ಮಾಡಿದೆ. ವಸೂಲಿಯ ಕಿರುಕುಳ ತಡೆಯಲು ನಮ್ಮ ರಾಜ್ಯ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆದ್ದರಿಂದ ಸಂಘದ ಸಭೆಗೆ ಹೋಗುವಾಗ ಜೋಳ ಕೊಳ್ಳುವ ತಿಂಗಳು, ಉದ್ರಿ ಬರುವ ದಿನ ಮತ್ತು ನಿಮ್ಮಿಂದ ಕಟ್ಟಲಾಗುವ ಕಂತು, ಈ ಮೂರನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಅದಕ್ಕೆ ಹೊಂದುವ ಸಾಲವನ್ನೇ ಕೇಳಿ.