ಜೀಪಿನ ಟಕ್ ಸೌಂಡು ಸಿಕ್ತು

ಅಪ್ಪಾಜಿ ಕಾಲದ ಫೋರ್ ವೀಲ್ ಜೀಪು, ಆಕ್ಸಲರೇಟರ್ ಬಿಟ್ಟು ಮತ್ತೆ ಒತ್ತಿದಾಗೆಲ್ಲ ಕೆಳಗಿಂದ ಟಕ್ ಅಂತಿತ್ತು, ಎಲ್ರೂ ಗೇರ್‌ಬಾಕ್ಸ್ ಹೋಗೈತೆ ಬಿಚ್ಸು ಅಂದ್ರು. ದುರ್ಗದ ನಮ್ಮ ಮೇಸ್ತ್ರಿ ಮಾತ್ರ ಗಡಿಬಿಡಿ ಮಾಡ್ಲಿಲ್ಲ, ಮುಂದಿನ ಪ್ರೊಪೆಲ್ಲರ್ ಶಾಫ್ಟ್, ಅಂದ್ರೆ ಗೇರ್‌ಬಾಕ್ಸ್ ಕಡೆಯಿಂದ ಚಕ್ರದ ಕಡೆಗೆ ಶಕ್ತಿ ಒಯ್ಯೋ ಉದ್ದನೆ ರಾಡು, ಬಿಚ್ಚಿಟ್ಟು ದಾವಣಗೆರೆ ಹೈವೇಲಿ ಒಂದ್ ರೌಂಡ್ ಓಡಿಸ್ಕಂಡ್ ಬಾ ಅಂದ್ರು, ಆಗ್ಲೂ ಸೌಂಡ್ ಹಂಗೇ ಇತ್ತು, ಅಂದ್ರೆ ತೊಂದ್ರೆ ಮುಂದಿನ ಶಾಫ್ಟಿಂದಲ್ಲ. ಆಮೇಲೆ ಚಕ್ರಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್ ಮಾಡಿ, ಹಿಂದಿನ ಶಾಫ್ಟ್ ಕೈಯಲ್ಲೇ ಹಿಡ್ದು ಆಕಡೆ ಈಕಡೆ ತಿರುವಿದ್ರು, ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರದ ನಡುವಿನ ಗೇರ್ ಡಬ್ಬ) ಹತ್ರದ ಕ್ರಾಸಲ್ಲಿ, ಅಂದ್ರೆ ಶಾಫ್ಟ್ ಬಾಗೋಕೆ ಬಿಡೋ ಕೂಡಿನಲ್ಲಿ, ಪ್ಲೇ, ಸಡಿಲ! ಕ್ರಾಸಿನ ತುದಿಯ ಕಪ್ ತೆಗೆದ್ರೆ ಗ್ರೀಸ್ ಒಣಗಿ ಒಳಗಿನ ಸೂಜಿ ಬೇರಿಂಗು ತುಕ್ಕಿನ ಪುಡಿ ಆಗೋಗಿತ್ತು. ಕಿವಿ, ಕೈ ಇಟ್ಕಂಡೇ ರೋಗ ಹಿಡಿಯೋ ಇಂಥೋರ ಹತ್ರ ಕಲಿಯೋಕೆ ಹುಡುಗ್ರು ಬರ್ತಿಲ್ವಲ್ಲ, ಅದೇ ನಂಗೆ ಸಂಕಟ. ಹೊಸ ಕ್ರಾಸ್ ಹಾಕಿ, ಮೊದ್ಲೇ ಮಾಡ್ಕಂಡಿದ್ದ ಗುರುತಿಗೆ ಸರಿಯಾಗಿ ಶಾಫ್ಟ್ ಕೂರಿಸಿದ್ರು, ಅದು ತಪ್ಪಿದ್ರೆ ವೈಬ್ರೇಶನ್ ಬರುತ್ತಂತೆ.